ಮೂರು ತಲೆಮಾರಿನ ಮೇಲೊಂದು ತೀರ್ಪು

ಸುಪ್ರಜನನ ಶಾಸ್ತ್ರಕ್ಕೆ 1883ರಲ್ಲಿ ಹೆಸರಿಟ್ಟವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮಹಾಶಯನು. ದನಕರುಗಳ ತಳಿಯನ್ನು ಆರಿಸಿ ಬೆಳೆಸುವಂತೆ ಮನುಷ್ಯಕುಲವನ್ನೂ ತಿದ್ದಬಹುದೆಂಬುದು ಅವನ ಆಸೆ. ಅಮೆರಿಕದ ಇಂಡಿಯಾನ ಸಂಸ್ಥಾನವು 1907ರಲ್ಲಿ ಆ ಆಸೆಯನ್ನು ಕಾನೂನಾಗಿಸಿತು. 'ಅಯೋಗ್ಯ'ರೆನಿಸಿದವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ. ವರ್ಜೀನಿಯದ ಕ್ಯಾರಿ ಬಕ್ ಎಂಬ ತರುಣಿಯ ಮೊಕದ್ದಮೆಯಲ್ಲಿ, 1927ರಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಇದಕ್ಕೆ ಒಪ್ಪಿಗೆಯಿತ್ತರು. ಅವಳ ತಾಯಿ, ಅವಳು, ಅವಳ ಮಗಳು, ಮೂವರೂ ಮಂದಮತಿಗಳೆಂಬುದೇ ಆಧಾರ. ಪರೀಕ್ಷಿಸಿದಾಗ ಆ ಮಗುವಿಗೆ ವರ್ಷವೂ ತುಂಬಿರಲಿಲ್ಲ! ಮುಂದೆ ಅದೇ ಹುಡುಗಿ ಶಾಲೆಯ ಗೌರವಪಟ್ಟಿಯಲ್ಲಿ ಹೆಸರು ಪಡೆದು, ಎಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಅಂದಿನ ವಿಜ್ಞಾನವೇ ಅಷ್ಟೆಂದು ಸಮಾಧಾನ ಹೇಳುವವರುಂಟು. ನಾವು ಇದನ್ನು ಒಪ್ಪೆವು. ಹಾರ್ಡಿ, ವೈನ್‌ಬರ್ಗ್ ಎಂಬಿಬ್ಬರು 1908ರಲ್ಲಿಯೇ ತೋರಿಸಿಕೊಟ್ಟ ಲೆಕ್ಕವನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳೂ ಮಾಡಬಲ್ಲರು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುವ ದೋಷವೊಂದು 10,000 ಮಂದಿಯಲ್ಲಿ ಒಬ್ಬನಿಗಿದ್ದರೆ, ಅದರ ವಂಶವಾಹಿಯನ್ನು ಗುಪ್ತವಾಗಿ ಹೊತ್ತವರು ಸುಮಾರು 200 ಮಂದಿ. ನಮ್ಮ ನಿಮ್ಮಂತೆ ಆರೋಗ್ಯವಂತರು. ಪ್ರತಿ ತಲೆಮಾರಿನಲ್ಲಿಯೂ ರೋಗಿಗಳೆಲ್ಲರಿಗೂ ಸಂತಾನವನ್ನು ತಡೆದರೂ ಆ ವಂಶವಾಹಿಯ ಪ್ರಮಾಣ ಅರ್ಧಕ್ಕಿಳಿಯಲು 100 ತಲೆಮಾರು ಬೇಕು. ಇನ್ನು ಕ್ಯಾರಿಗಿದ್ದುದು ಬಡತನ. ಅದಕ್ಕೆ ವಂಶವಾಹಿಯೇ ಇಲ್ಲ.

ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನ, 1933ರ ಕಾನೂನಿನ ದೆಸೆಯಿಂದ ಜರ್ಮನಿಯಲ್ಲಿ ಸುಮಾರು 4,00,000 ಜನ ಈ ಶಸ್ತ್ರಕ್ಕೆ ಈಡಾದರು. ವರ್ಜೀನಿಯ ತನ್ನ ಕಾನೂನನ್ನು 1974ರಲ್ಲಿ ರದ್ದುಮಾಡಿತು. ಸುಪ್ರೀಂ ಕೋರ್ಟಿನ ಆ ತೀರ್ಪನ್ನು ಮಾತ್ರ ಇಂದಿಗೂ ನೇರವಾಗಿ ತಳ್ಳಿಹಾಕಿಲ್ಲ.