ಕೊಚ್ಚಿಗೆ ಹೊರಡುವ ಮುನ್ನ

ನವರಾತ್ರಿಯು ಸಮೀಪಿಸಿತೆಂದರೆ ನಮ್ಮ ಗೃಹಸ್ಥರ ಮನೆಗಳಲ್ಲಿ ಎರಡು ಮಾತುಗಳು ಹುಟ್ಟುವುವು. ಒಂದು, ಬೊಂಬೆಗಳನ್ನು ಅಟ್ಟದಿಂದ ಇಳಿಸುವ ಮಾತು. ಇನ್ನೊಂದು, ಮಕ್ಕಳಿಗೆ ರಜ ಬಂದುದರಿಂದ ಎಲ್ಲಿಗಾದರೂ ಹೋಗಿಬರಬೇಕೆಂಬ ಮಾತು. ಮೊದಲನೆಯದು ತಪ್ಪದೆ ನೆರವೇರುವುದು. ಎರಡನೆಯದು ಬಹುಮಟ್ಟಿಗೆ ಮಾತಾಗಿಯೇ ಉಳಿಯುವುದು. ನಮ್ಮ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಹೀಗೆ ಉಳಿದಿದ್ದ ಆ ಮಾತು ಈ ವರ್ಷ ನಿಶ್ಚಯದ ರೂಪವನ್ನು ಪಡೆದಿದೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ನನ್ನ ಪತ್ನಿ, ನಾನು, ಹೀಗೆ ಆರು ಮಂದಿಯೂ ವಿಜಯದಶಮಿ ಕಳೆದ ಮೇಲೆ ಕೊಚ್ಚಿಗೆ ಹೊರಡತಕ್ಕವರಾಗಿದ್ದೇವೆ. ಸಂಸಾರಸಮೇತವಾಗಿ ಕಡಲತೀರದ ಹಳೆಯ ನಗರವೊಂದನ್ನು ನೋಡಲು ಹೋಗುವುದು ನಮಗೆ ಇದೇ ಮೊದಲು. ಈ ಸಿದ್ಧತೆಯಲ್ಲಿ ನಾನು ಮಾಡಿದ ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ವಾಚಕರ ಮುಂದಿಟ್ಟರೆ ಯಾರಿಗಾದರೂ ಪ್ರಯೋಜನವಾದೀತೆಂದು ಈ ತಿಂಗಳು ಅದನ್ನೇ ಬರೆಯುತ್ತಿದ್ದೇನೆ.

ಕೊಚ್ಚಿಯನ್ನು ಆರಿಸಿದವನು ನಾನೇ. ಆ ಊರಿನ ಹುಟ್ಟೇ ಒಂದು ಕಥೆ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪ್ರವಾಹದಿಂದ ಕೊಡುಂಗಲ್ಲೂರಿನ ಪುರಾತನ ಬಂದರು ಹೂಳು ತುಂಬಿ ಕೆಟ್ಟಿತೆಂದೂ, ಅದರ ದಕ್ಷಿಣಕ್ಕೆ ಕೊಚ್ಚಿಯ ಅಳಿವೆ ತೆರೆದುಕೊಂಡಿತೆಂದೂ ಇತಿಹಾಸಕಾರರು ಹೇಳುವರು. ಅಲ್ಲಿಂದ ಮುಂದೆ ಮೆಣಸಿನ ಆಸೆಯಿಂದ ಚೀಣರು, ಅರಬರು, ಪೋರ್ಚುಗೀಸರು ಬಂದರು. ನಗರವು 1663ರಲ್ಲಿ ಡಚ್ಚರ ಕೈಗೂ 1795ರಲ್ಲಿ ಇಂಗ್ಲಿಷರ ಕೈಗೂ ಹೋಯಿತು. ಬಂದವರೆಲ್ಲರೂ ಒಂದೊಂದು ಗುರುತನ್ನು ಬಿಟ್ಟುಹೋದರು. ಎರಡು ಮೈಲಿಗಳ ಅಂತರದೊಳಗೆ ಇಷ್ಟು ಜನಾಂಗಗಳ ಚರಿತ್ರೆಯು ಕಣ್ಣಿಗೆ ಕಾಣುವಂತೆ ಉಳಿದಿರುವ ಊರು ನಮ್ಮ ಪಶ್ಚಿಮತೀರದಲ್ಲಿ ವಿರಳ.

ಆದರೆ ಋತುವಿನ ವಿಷಯದಲ್ಲಿ ನನ್ನ ಸಂಸ್ಕೃತವು ನನ್ನನ್ನು ಮೋಸಗೊಳಿಸಿತು. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರವನ್ನು ಬಹುಕಾಲ ಪಾಠ ಹೇಳಿದವನಿಗೆ ಶರತ್ತೆಂದರೆ ತೊಳೆದಿಟ್ಟ ಆಕಾಶ, ತಿಳಿಯಾದ ನೀರು, ಕೆಸರಾರಿದ ದಾರಿ. ಕೊಚ್ಚಿಯ ಶರತ್ತು ಬೇರೆ. ನೈಋತ್ಯದ ಮಳೆಗಾಲವು ಹಿಂದೆಗೆದ ಮೇಲೆ ಅಲ್ಲಿ ಈಶಾನ್ಯದ ಮಳೆ ತೊಡಗುವುದು. ಸೂರ್ಯನು ತುಲಾರಾಶಿಯಲ್ಲಿರುವಾಗ ಬರುವುದರಿಂದ ಮಲೆಯಾಳದವರು ಇದನ್ನು ತುಲಾವರ್ಷವೆನ್ನುವರು. ಬೆಳಗ್ಗೆ ಬಿಸಿಲು ಚುರುಕಾಗಿದ್ದು, ಮಧ್ಯಾಹ್ನದ ಮೇಲೆ ಪೂರ್ವದ ಬೆಟ್ಟಗಳ ಕಡೆಯಿಂದ ಮೋಡ ಕವಿದು, ಸಂಜೆಯ ಹೊತ್ತಿಗೆ ಗುಡುಗು ಸಿಡಿಲುಗಳೊಡನೆ ಮಳೆ ಸುರಿಯುವುದುಂಟು. ಪ್ರತಿದಿನವೂ ಹೀಗಾಗುವುದೆಂದಲ್ಲ, ಯಾವ ದಿನ ಆಗುವುದೆಂದು ತಿಂಗಳ ಮೊದಲೇ ಹೇಳಬಲ್ಲವರಿಲ್ಲ. ಈ ಒಂದು ಸಂಗತಿಯಿಂದಲೇ ನನ್ನ ಮೊದಲಿನ ಯೋಜನೆಯೆಲ್ಲವೂ ತಲೆಕೆಳಗಾಯಿತು.

ಆ ಮೊದಲಿನ ಯೋಜನೆ ಎಂಥದೆಂಬುದನ್ನು ಹೇಳಬೇಕು. ಮೂವತ್ತು ವರ್ಷ ಶಾಲೆಯ ವೇಳಾಪಟ್ಟಿಯನ್ನು ಬರೆದ ಕೈ. ಬೇರೆ ಹೇಗೆ ಬರೆದೀತು? ಎರಡು ದಿನಗಳಿಗೆ ಹದಿನೇಳು ಸ್ಥಳಗಳನ್ನು ಗೊತ್ತುಮಾಡಿ, ಒಂದೊಂದಕ್ಕೂ ನಿಮಿಷಗಳನ್ನು ಹಂಚಿ, ಕೆಂಪು ಶಾಯಿಯಿಂದ ಗೆರೆ ಎಳೆದು, ರಾತ್ರಿ ಊಟವಾದ ಮೇಲೆ ಎಲ್ಲರಿಗೂ ಗಂಭೀರವಾಗಿ ಓದಿಹೇಳಿದೆನು. ಮಗನು ಸುಮ್ಮನಿದ್ದನು. ಮೊಮ್ಮಗನು ಐಸ್‌ಕ್ರೀಮಿಗೆ ಎಷ್ಟು ನಿಮಿಷವೆಂದು ವಿಚಾರಿಸಿದನು. ನನ್ನ ಪತ್ನಿಯು ಎಲೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಇದರಲ್ಲಿ ಕೂತುಕೊಳ್ಳುವುದು ಯಾವಾಗ?” ಎಂದು ಕೇಳಿದಳು.

“ಎಲ್ಲಿ ಕೂತುಕೊಳ್ಳುವುದು?” ಎಂದೆನು.

“ಸಮುದ್ರದ ಮುಂದೆ. ನಾನು ನೋಡಿಲ್ಲವಲ್ಲ.”

ಪಟ್ಟಿಯನ್ನು ತಿರುಗಿಸಿ ನೋಡಿದೆನು. ಎರಡನೆಯ ದಿನದ ಕೊನೆಯಲ್ಲಿ, “ಸಮುದ್ರತೀರ, 20 ನಿಮಿಷ” ಎಂದು ಬರೆದಿತ್ತು.

ವಾಚಕರೇ, ಅವಳು ಅದನ್ನು ದೂರಾಗಿ ಹೇಳಲಿಲ್ಲ. ಲೆಕ್ಕದಲ್ಲಿ ಬಿಟ್ಟುಹೋದ ಬಾಬೊಂದನ್ನು ತೋರಿಸುವಂತೆ ಹೇಳಿದಳು. ನಮ್ಮದು ಮಳೆಯನ್ನೇ ಕಾದು ನೋಡಬೇಕಾದ ಬಯಲುಸೀಮೆ. ಶಾಲೆಯ ಹುಡುಗರನ್ನು ಕರೆದುಕೊಂಡು ನಾನು ಮೂರು ಬಾರಿ ಕಡಲನ್ನು ನೋಡಿಬಂದಿದ್ದೇನೆ. ಮೂರು ಬಾರಿಯೂ ಅವಲಕ್ಕಿ, ಚಟ್ನಿಪುಡಿಗಳ ಗಂಟನ್ನು ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತವಳು ಇವಳು. ಅವಳಿಗೆ ಈಗ ಐವತ್ತೇಳು ವರ್ಷ; ಮೊಣಕಾಲಿನಲ್ಲಿ ನೋವು ತೊಡಗಿದೆ. ಇಷ್ಟು ದಿನ ಈ ಬಾಬು ನನ್ನ ಲೆಕ್ಕಕ್ಕೆ ಬಂದಿರಲೇ ಇಲ್ಲ.

ಆ ಮೂರು ಪ್ರವಾಸಗಳಲ್ಲಿ ಒಂದು ಕೊಚ್ಚಿಗೇ ಆಗಿತ್ತು. ಒಂದೇ ದಿನದಲ್ಲಿ ಹುಡುಗರಿಗೆ ಎಲ್ಲವನ್ನೂ ತೋರಿಸಿದೆನೆಂದು ಹೆಮ್ಮೆಪಟ್ಟಿದ್ದೆನು. ಹಿಂದಿರುಗಿದ ಮೇಲೆ ಪ್ರಬಂಧ ಬರೆಯಿಸಿದಾಗ ಒಬ್ಬ ಹುಡುಗನು, “ಕೊಚ್ಚಿಯಲ್ಲಿ ನಾವು ಅನೇಕ ಸ್ಥಳಗಳನ್ನು ನೋಡಿದೆವು” ಎಂದು ಒಂದು ಸಾಲಿನಲ್ಲಿ ಮುಗಿಸಿ, ಬಸ್ಸಿನ ಗಾಲಿ ಕೆಟ್ಟು ನಿಂತ ಬಗೆಯನ್ನು ಎರಡು ಪುಟ ಸೊಗಸಾಗಿ ವರ್ಣಿಸಿದ್ದನು. ಅವನಿಗೆ ಹತ್ತಕ್ಕೆ ಮೂರು ಅಂಕಗಳನ್ನು ಕೊಟ್ಟೆನು. ಆ ದಿನವೆಲ್ಲ ಅವನಿಗೆ ನಿಂತು ನೋಡಲು ಅವಕಾಶ ದೊರೆತುದು ಆ ಬಸ್ಸಿನ ಬಳಿ ಮಾತ್ರ. ಅಂಕಗಳನ್ನು ಕಳೆಯಬೇಕಾಗಿದ್ದುದು ಯಾರದೆಂಬುದು ಈಗ ನನಗೆ ತಿಳಿಯುತ್ತಿದೆ.

ಆದುದರಿಂದ ಹಳೆಯ ಪಟ್ಟಿಯನ್ನು ಹರಿದುಹಾಕಿ, ಸಮುದ್ರವನ್ನು ಮೊದಲಿಟ್ಟುಕೊಂಡು ಉಳಿದುದನ್ನು ಅದರ ಸುತ್ತ ಜೋಡಿಸಿದೆವು. ಕೊಚ್ಚಿಯಲ್ಲಿ ಸೂರ್ಯನು ಕಡಲಿನ ಕಡೆಗೆ ಮುಳುಗುವನು. ಈ ತಿಂಗಳುಗಳಲ್ಲಿ ಅದು ಸಂಜೆ ಆರು ಗಂಟೆಯ ಆಸುಪಾಸಿನಲ್ಲಿ. ತುಲಾವರ್ಷವು ಸುರಿಯುವುದೂ ಹೆಚ್ಚಾಗಿ ಅದೇ ಹೊತ್ತಿನಲ್ಲಿ. ಒಂದೇ ಸಂಜೆಯನ್ನು ನಂಬಿಕೊಂಡರೆ ಮಳೆ ಅದನ್ನು ಕಸಿದುಕೊಳ್ಳಬಹುದು. ಮೂರು ಸಂಜೆಗಳಿದ್ದರೆ ಒಂದಾದರೂ ತೆರವಾದೀತು. ಹಾಗಾಗಿ ಎರಡು ದಿನಗಳ ಪ್ರಯಾಣವು ಮೂರಾಯಿತು. ಹದಿನೇಳು ಸ್ಥಳಗಳು ಐದಾದವು. ಸಂಜೆಗಳನ್ನೆಲ್ಲ ಬರಿದಾಗಿ ಬಿಟ್ಟೆವು.

ವಾರಗಳನ್ನು ಆರಿಸುವುದರಲ್ಲಿಯೂ ವಿವೇಚನೆ ಬೇಕು. ಮಟ್ಟಾಂಚೇರಿಯ ಅರಮನೆಗೆ ಶುಕ್ರವಾರ ರಜ. ಅಲ್ಲಿಗೆ ಕೆಲವೇ ಹೆಜ್ಜೆಗಳ ದೂರದಲ್ಲಿರುವ ಯೆಹೂದ್ಯರ ಸಿನಗಾಗಿಗೆ ಶನಿವಾರ ರಜ. ವಾರದ ಕೊನೆಯೆಂದು ಶುಕ್ರ ಶನಿಗಳಲ್ಲಿ ಹೋದವರು ಬಾಗಿಲುಗಳನ್ನು ನೋಡಿಕೊಂಡು ಬರಬೇಕಾದೀತು. ಶರತ್ಕಾಲದಲ್ಲಿ ಇನ್ನೊಂದು ತೊಡಕೂ ಉಂಟು. ಯೆಹೂದ್ಯರ ಪಂಚಾಂಗವೂ ನಮ್ಮದರಂತೆ ಚಂದ್ರನನ್ನೂ ಸೂರ್ಯನನ್ನೂ ಒಟ್ಟಿಗೆ ಅನುಸರಿಸುವುದರಿಂದ ಅವರ ದೊಡ್ಡ ಹಬ್ಬಗಳು ಅನೇಕ ವರ್ಷಗಳಲ್ಲಿ ನಮ್ಮ ನವರಾತ್ರಿಯ ಜೊತೆಗೇ ಬರುವುವು. 2025ರಲ್ಲಿ ನಮ್ಮ ವಿಜಯದಶಮಿಯೂ ಅವರ ಮಹೋಪವಾಸದ ದಿನವೂ ಅಕ್ಟೋಬರ್ 2ರಂದೇ ಬಿದ್ದವು. ಅದರ ಹಿಂದೆಯೇ ಪರ್ಣಶಾಲೆಯ ಹಬ್ಬವೂ ಬರುವುದು. ಆದುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳತಕ್ಕದ್ದು. ಇಷ್ಟನ್ನೂ ನೋಡಿ, ಶನಿವಾರ ರಾತ್ರಿ ಬೆಂಗಳೂರಿನಿಂದ ರೈಲುಗಾಡಿಯಲ್ಲಿ ಹೊರಟು ಭಾನುವಾರ ಬೆಳಗ್ಗೆ ಎರ್ನಾಕುಲವನ್ನು ಸೇರುವುದೆಂದೂ, ಬುಧವಾರ ಬೆಳಗ್ಗೆ ಹಗಲು ಗಾಡಿಯಲ್ಲಿ ಹಿಂದಿರುಗುವುದೆಂದೂ ಗೊತ್ತುಮಾಡಿದೆವು. 2024ರ ನವೆಂಬರ್ 1ರಿಂದ ಟಿಕೇಟನ್ನು 60 ದಿನಗಳ ಮುಂಚೆ ಮಾತ್ರ ಕಾದಿರಿಸಬಹುದಾಗಿದೆ. ಹಬ್ಬದ ದಿನಗಳಲ್ಲಿ ಆ ಅರವತ್ತನೆಯ ದಿನವನ್ನು ಮರೆಯಬಾರದು. ಮೊಣಕಾಲು ನೋವಿನವರಿಗೆ ಕೆಳಗಿನ ಮಲಗುಹಲಗೆ ದೊರೆಯುವುದು ಅರಮನೆಯನ್ನು ನೋಡುವುದಕ್ಕಿಂತ ಮುಖ್ಯ.

ಭಾನುವಾರ ಹಗಲು ವಿಶ್ರಾಂತಿ. ಬಿಡಾರವನ್ನು ಎರ್ನಾಕುಲದಲ್ಲಿ ಮಾಡದೆ ಫೋರ್ಟ್ ಕೊಚ್ಚಿಯಲ್ಲಿಯೇ ಮಾಡಿದ್ದೇವೆ. ಆಗ ಕಡಲ ದಂಡೆಗೆ ನಿಧಾನವಾಗಿ ನಡೆದೇ ಹೋಗಬಹುದು. ಮಳೆ ಬಂದರೆ ಒಡನೆ ಒಳಗೆ ಬರಬಹುದು. ಸಿಡಿಲಿನ ಹೊತ್ತಿನಲ್ಲಿ ದಂಡೆಯ ಮೇಲೆ ನಿಲ್ಲಕೂಡದು. ಹಡಗುಗಳು ಹಾದುಹೋಗುವ ಆ ಅಳಿವೆಯ ಬಳಿ ಸೆಳೆತ ಬಲವಾಗಿರುವುದರಿಂದ ಮಕ್ಕಳನ್ನು ನೀರಿಗೆ ಇಳಿಸಲೂ ಕೂಡದು.

ಸೋಮವಾರ ಬೆಳಗ್ಗೆ ಮಟ್ಟಾಂಚೇರಿ. ಅಲ್ಲಿಯ ಅರಮನೆಯನ್ನು ಜನರು ಡಚ್ಚರ ಅರಮನೆಯೆನ್ನುವರು. ಕಟ್ಟಿಸಿದವರು ಪೋರ್ಚುಗೀಸರು, ಸುಮಾರು 1555ರಲ್ಲಿ, ಕೊಚ್ಚಿಯ ಅರಸನಿಗಾಗಿ. ಡಚ್ಚರು ಆಮೇಲೆ ಅದನ್ನು ದುರಸ್ತು ಮಾಡಿಸಿ ಹೆಸರನ್ನು ಪಡೆದರು. ಅರಸನ ಶಯನಗೃಹದ ಗೋಡೆಗಳ ಮೇಲೆ ರಾಮಾಯಣದ ಕಥೆಯೆಲ್ಲ ಚಿತ್ರಿತವಾಗಿದೆ. ಅಂತಃಪುರದ ಭಾಗದಲ್ಲಿ ಕುಮಾರಸಂಭವದ ಪ್ರಸಂಗಗಳೂ ಇವೆ. ಸೊಸೆಯು ಆರಿಸಿದುದು ಇದನ್ನು. ಮಗನು ಆರಿಸಿದುದು 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗನ್ನು. ಅದರ ನೆಲಕ್ಕೆ ಹಾಸಿದ ಚೀಣದ ನೀಲಿ ಬಿಲ್ಲೆಗಳನ್ನು ಕೈಯಿಂದಲೇ ಚಿತ್ರಿಸಿದುದರಿಂದ ಒಂದರಂತೆ ಇನ್ನೊಂದಿಲ್ಲ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಅಲ್ಲಿಯ ಯೆಹೂದ್ಯರಲ್ಲಿ ಹೆಚ್ಚಿನವರು ಆ ದೇಶಕ್ಕೆ ಹೊರಟುಹೋದರು. ಬೀದಿಗೆ ಅವರ ಹೆಸರು ಉಳಿದಿದೆ.

ಮಂಗಳವಾರ ಬೆಳಗ್ಗೆ ಸಂತ ಫ್ರಾನ್ಸಿಸರ ಚರ್ಚು. 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿಯೇ ಮರಣಹೊಂದಿದ ವಾಸ್ಕೋ ಡ ಗಾಮನನ್ನು ಮೊದಲು ಇಲ್ಲಿಯೇ ಹೂಳಿದರು. ಕೆಲವು ವರ್ಷಗಳ ಮೇಲೆ ಅವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಅಲ್ಲಿಂದ ಚೀನಾ ಬಲೆಗಳು. ನೀರಿನ ಅಂಚಿನಲ್ಲಿ ದೊಡ್ಡ ಮರದ ಚೌಕಟ್ಟಿಗೆ ಬಲೆ ಕಟ್ಟಿ, ಹಿಂದಿನ ತುದಿಯಲ್ಲಿ ಹಗ್ಗಗಳಿಗೆ ಕಲ್ಲುಗಳನ್ನು ತೂಗುಬಿಟ್ಟು, ನಾಲ್ಕಾರು ಜನರು ಕೂಡಿ ಏರಿಸಿ ಇಳಿಸುವರು. ಸನ್ನೆಕೋಲಿನ ತತ್ತ್ವವನ್ನು ಪುಸ್ತಕದಲ್ಲಿ ಓದಿ ಬೇಸರಪಡುತ್ತಿದ್ದ ಮೊಮ್ಮಗನಿಗೆ ಇದು ಮೀಸಲು. ಚಿಕ್ಕ ಮೊಮ್ಮಗಳು ಕೇಳಿದುದು ದೋಣಿ. 2023ರ ಏಪ್ರಿಲಿನಲ್ಲಿ ತೊಡಗಿದ ವಾಟರ್ ಮೆಟ್ರೋ ದೋಣಿಗಳು ಸದ್ದು ಹೊಗೆಗಳ ಬಾಧೆಯಿಲ್ಲದೆ ಫೋರ್ಟ್ ಕೊಚ್ಚಿಯಿಂದ ಎರ್ನಾಕುಲದ ಹೈಕೋರ್ಟಿನ ದಡಕ್ಕೆ ಹೋಗಿಬರುತ್ತವೆ. ಅವಳಿಗೆ ಅದೇ ಸಾಕಂತೆ.

ಇನ್ನು ನನ್ನ ಪಾಲು. ತೃಪ್ಪೂಣಿತ್ತುರದಲ್ಲಿ 1914ರಲ್ಲಿ ಸ್ಥಾಪಿತವಾದ ಸಂಸ್ಕೃತ ಕಾಲೇಜನ್ನೂ ಕೊಚ್ಚಿಯ ಅರಸರ ಬೆಟ್ಟದ ಅರಮನೆಯನ್ನೂ ನೋಡಬೇಕೆಂಬುದು ನನ್ನ ಬಹುದಿನದ ಆಸೆ. ಅದಕ್ಕೆ ಒಂದು ಹಗಲು ಪೂರ್ತಿಯಾಗಿ ಬೇಕು, ಹಿಂದಿರುಗುವಾಗ ಸಂಜೆಯಾಗುವುದು. ಮೂರು ಸಂಜೆಗಳಲ್ಲಿ ಒಂದನ್ನು ಅದಕ್ಕೆ ಕೊಡಬೇಕಾಗುವುದು. ಅದನ್ನು ನಾನೇ ಹೊಡೆದುಹಾಕಿದೆನು. ಇದರಲ್ಲಿ ತ್ಯಾಗವೇನೂ ಇಲ್ಲ. ತೀರಿಸಬೇಕಾದ ಸಾಲದಲ್ಲಿ ಒಂದು ಕಂತು ಮಾತ್ರ. ಮಟ್ಟಾಂಚೇರಿಯ ಕೊಂಕಣಿಗರ ತಿರುಮಲ ದೇವಸ್ಥಾನದ ಮುಂದೆ ಹಾದುಹೋಗುವಾಗ ಒಂದು ನಿಮಿಷ ನಿಲ್ಲುವೆನು. ಆ ಕೊಂಕಣಿ ಸಮಾಜದವರೇ ಆದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ವೈದ್ಯರು ಡಚ್ಚರ ಅಧಿಕಾರಿಯಾದ ವಾನ್ ರೀಡನಿಗೆ ಮಲಬಾರಿನ ಗಿಡಮೂಲಿಕೆಗಳ ವಿಷಯವನ್ನು ತಿಳಿಸಿದರು. ಅದರಿಂದ ಹುಟ್ಟಿದ ಹೋರ್ಟಸ್ ಮಲಬಾರಿಕಸ್ ಎಂಬ 12 ಸಂಪುಟಗಳ ಗ್ರಂಥವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅವರು ಕೊಂಕಣಿಯಲ್ಲಿ, ನಾಗರೀ ಲಿಪಿಯಲ್ಲಿ ಬರೆದುಕೊಟ್ಟ ಪತ್ರವೂ ಅದರಲ್ಲಿದೆ. ನಮ್ಮ ಕರಾವಳಿಯ ಅನೇಕ ಮನೆಗಳ ಭಾಷೆಯದು. ನನಗೆ ಆ ಒಂದು ನಿಮಿಷ ಸಾಕು.

ಕೆಲವು ಸಣ್ಣ ಮಾತುಗಳು. ಛತ್ರಿ ಮನುಷ್ಯನಿಗೊಂದರಂತೆ ಇರಲಿ. ಬೇಗ ಒಣಗುವ ಹತ್ತಿಬಟ್ಟೆ ಇರಲಿ. ನೋಡುವುದನ್ನೆಲ್ಲ ಬೆಳಗ್ಗೆ ಹನ್ನೊಂದೂವರೆಯೊಳಗೆ ಮುಗಿಸಿದರೆ ಬಿಸಿಲೂ ಮಳೆಯೂ ತಪ್ಪುವುವು. ಶಾಕಾಹಾರಿಗಳು ಅಂಜಬೇಕಾಗಿಲ್ಲ. ಎರ್ನಾಕುಲದಲ್ಲಿಯೂ, ಗುಜರಾತಿಗಳೂ ಕೊಂಕಣಿಗರೂ ನೆಲೆಸಿರುವ ಮಟ್ಟಾಂಚೇರಿಯಲ್ಲಿಯೂ ನಮಗೆ ಒಗ್ಗುವ ಊಟ ದೊರೆಯುವುದು. ನಡಿಗೆಯ ವೇಗವನ್ನು ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರೇ ಗೊತ್ತುಮಾಡಲಿ.

ದೇಶ ಸುತ್ತಬೇಕು, ಕೋಶ ಓದಬೇಕೆಂದು ಹಿರಿಯರು ಹೇಳಿದರು. ಸುತ್ತಲು ಹೊರಡುವ ಗೃಹಸ್ಥನಿಗೆ ನಾನು ಸೇರಿಸುವ ಮಾತು ಒಂದೇ. ಸ್ಥಳಗಳ ಪಟ್ಟಿಯನ್ನು ಬರೆಯುವ ಮೊದಲು, ಇದುವರೆಗೆ ಮನೆಯಲ್ಲಿಯೇ ಉಳಿದವರು ಯಾರು, ಅವರಿಗೆ ಏನು ಬೇಕು ಎಂಬುದನ್ನು ಕೇಳಿ ತಿಳಿದುಕೊಳ್ಳಿರಿ. ಕೇಳದಿದ್ದರೆ ಅವರು ತಾವಾಗಿ ಹೇಳಲಾರರು. ಹೇಳದಿರುವುದೇ ಅವರಿಗೆ ಅಭ್ಯಾಸವಾಗಿರುವುದು.

ಟಿಕೇಟುಗಳು ಬಂದಿವೆ. ಮೂರು ಸಂಜೆಗಳ ಜಾಗದಲ್ಲಿ ಪಟ್ಟಿಯು ಬಿಳಿಯಾಗಿದೆ. ಈ ಬಾರಿ ಅವಲಕ್ಕಿಯ ಗಂಟನ್ನು ಕಟ್ಟತಕ್ಕವನು ನಾನು. ಎಷ್ಟು ಉಪ್ಪು ಹಾಕಬೇಕೆಂಬುದನ್ನು ಇನ್ನೂ ಕಲಿಯುತ್ತಿದ್ದೇನೆ.