ಒಂದೇ ಪಾಟ್, ಎರಡು ಭಾವ

ಮೊಯಿಲಾಂಜಿ ರಾತ್ರಿ ಮದುಮಗಳ ಸುತ್ತ ಕೂತು ಹೆಂಗಸರು ಕೈ ತಟ್ಟಿ ಹಾಡುವುದನ್ನು ನೀವೆಲ್ಲ ಕೇಳಿಯೇ ಇರ್ತೀರಿ. ಹಾಡು ತಮಾಷೆಯದ್ದು, ತಾಳ ಚುರುಕಿನದ್ದು. ಹುಡುಗಿಯರು ನಗ್ತಾ ಇರ್ತಾರೆ. ಅದೇ ಹೊತ್ತಿಗೆ ಮದುಮಗಳ ಉಮ್ಮ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಹಾಡು ಒಂದೇ, ಭಾವ ಎರಡು. ಇದು ಹೇಗೆ?

ಪ್ರಶ್ನೆ ಹೊಸದಲ್ಲ. 1111ರಲ್ಲಿ ವಫಾತಾದ ಇಮಾಮ್ ಗಝ್ಝಾಲಿಯವರು ‘ಇಹ್ಯಾ’ ಗ್ರಂಥದಲ್ಲಿ ಇದಕ್ಕೆಂದೇ ಒಂದು ಭಾಗ ಇಟ್ಟಿದ್ದಾರೆ. ತೊಟ್ಟಿಲ ಮಗು ಇಂಪಾದ ದನಿ ಕೇಳಿದರೆ ಅಳು ನಿಲ್ಲಿಸುತ್ತದೆ, ಭಾರ ಹೊತ್ತು ದಣಿದ ಒಂಟೆ ನಡೆಸುವವನ ಹಾಡಿಗೆ ಹೆಜ್ಜೆ ಚುರುಕು ಮಾಡುತ್ತದೆ ಅಂತ ಅವರು ಬರೆದರು. ಮಗುವಿಗಾಗಲಿ ಒಂಟೆಗಾಗಲಿ ಹಾಡಿನ ಅರ್ಥ ಗೊತ್ತಿಲ್ಲ. ಅಂದರೆ ದನಿಯಲ್ಲೇ ಏನೋ ಇದೆ.

ಈಗಿನ ಸಂಶೋಧಕರೂ ಇದನ್ನು ಪರೀಕ್ಷಿಸಿದ್ದಾರೆ. ಆಫ್ರಿಕಾದ ಕ್ಯಾಮರೂನಿನಲ್ಲಿ ಮಾಫಾ ಎಂಬ ಬುಡಕಟ್ಟಿನವರಿಗೆ, ಅವರು ಹಿಂದೆಂದೂ ಕೇಳಿರದ ಪಾಶ್ಚಾತ್ಯ ಸಂಗೀತವನ್ನು ಕೇಳಿಸಿದರು. ಯಾವುದು ಸಂತೋಷದ್ದು, ಯಾವುದು ದುಃಖದ್ದು, ಯಾವುದು ಭಯದ್ದು ಅಂತ ಅವರು ಬರೀ ಊಹೆಯಿಂದ ಸಾಧ್ಯವಾಗುವುದಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿದರು. ಈ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ದುಃಖದಲ್ಲಿರುವವರ ಮಾತು ನಿಧಾನ, ದನಿ ತಗ್ಗು. ಖುಷಿಯಲ್ಲಿ ಮಾತು ಚುರುಕು, ದನಿ ಏರು. ಹಾಡೂ ಹೆಚ್ಚಾಗಿ ಇದೇ ದಾರಿಯಲ್ಲಿ ನಡೆಯುತ್ತದೆ.

ಆದರೆ ಆ ಉಮ್ಮನ ಕಣ್ಣೀರು ತಾಳದಿಂದ ಬಂದದ್ದಲ್ಲ. ತನ್ನ ಮೊಯಿಲಾಂಜಿಯ ದಿನ ಹಾಡಿದವರು, ಅವರಲ್ಲಿ ಈಗ ಇಲ್ಲದವರು, ನಾಳೆ ಮನೆಬಿಟ್ಟು ಹೋಗುವ ಮಗಳು, ಎಲ್ಲವೂ ಆ ಹಾಡಿಗೆ ಅಂಟಿಕೊಂಡಿದೆ. ಎದೆಯಲ್ಲಿ ಇಲ್ಲದ್ದನ್ನು ಹಾಡು ತಂದು ಹಾಕುವುದಿಲ್ಲ, ಇರುವುದನ್ನೇ ಅಲುಗಿಸುತ್ತದೆ ಎಂಬ ಅಭಿಪ್ರಾಯವನ್ನೂ ಇಮಾಮರು ಅದೇ ಗ್ರಂಥದಲ್ಲಿ ದಾಖಲಿಸಿದ್ದಾರೆ.

ನನ್ನ ಚಿಂತೆ ಇರುವುದು ಇಲ್ಲೇ. ವಾದ್ಯಗಳ ವಿಧಿ ಏನು ಎಂಬುದು ಬೇರೆ ಚರ್ಚೆ, ಅದನ್ನು ಉಲಮಾಗಳು ಹೇಳ್ತಾರೆ. ನಾನು ಹೇಳುವುದು ಬಾಯಿಯಿಂದ ಹಾಡುವ ನಮ್ಮ ಬ್ಯಾರಿ ಪಾಟ್‌ಗಳ ಬಗ್ಗೆ. ಈಗ ಹಲವು ಮದುವೆಮನೆಗಳಲ್ಲಿ ಮೊಬೈಲನ್ನು ಸ್ಪೀಕರಿಗೆ ಜೋಡಿಸಿದರೆ ಹಾಡಿನ ಕೆಲಸ ಮುಗೀತು. “ಅದರಲ್ಲಿ ಹಾಡುವವರು ನಮಗಿಂತ ಚೆನ್ನಾಗಿ ಹಾಡ್ತಾರಲ್ಲ ಉಸ್ತಾದ್” ಅಂತಾರೆ. ಒಪ್ಪುವ. ತಾಳ ಸ್ಪೀಕರಿನಿಂದಲೂ ಬರುತ್ತದೆ, ಕಾಲೂ ಕುಣಿಯುತ್ತದೆ. ಆದರೆ ಅಜ್ಜಿಯ ಒಡೆದ ದನಿ, ಮಾತು ಮರೆತಾಗ ಎದ್ದ ನಗು, ಪಕ್ಕದಲ್ಲಿ ಕೂತು ಕೈ ತಟ್ಟಿದ ಅಕ್ಕ, ಇವು ಸ್ಪೀಕರಿನಲ್ಲಿ ಇಲ್ಲ. ಇಪ್ಪತ್ತು ವರ್ಷದ ಮೇಲೆ ಅದೇ ಹಾಡು ಕೇಳಿದಾಗ ನಮ್ಮ ಮಕ್ಕಳಿಗೆ ಯಾರ ನೆನಪಾಗಬೇಕು?

ಮುಂದಿನ ಮದುವೆಯಲ್ಲಿ ಒಂದರ್ಧ ಗಂಟೆ ಸ್ಪೀಕರ್ ಆರಿಸಿ. ಅಜ್ಜಿಯರನ್ನು ನಡುವೆ ಕೂರಿಸಿ ಹಾಡಿಸಿ. ಮಕ್ಕಳ ಕೈಗೆ ಪುಸ್ತಕ ಕೊಟ್ಟು ಆ ಮಾತುಗಳನ್ನು ಬರೆಸಿ. ಎಷ್ಟೋ ಪಾಟ್‌ಗಳು ಇನ್ನೂ ಅವರ ನಾಲಿಗೆಯ ಮೇಲೆ ಮಾತ್ರ ಇವೆ.