ಅಚ್ಚಾದುದೆಲ್ಲ ಸತ್ಯವೇ?

ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರಿಂದ ನಾಲ್ಕು ವರ್ಷಗಳ ಪದವಿ ಶಿಕ್ಷಣ ಜಾರಿಗೆ ಬಂದಿದೆ. ಸಂಶೋಧನೆಯೊಡನೆ ಆನರ್ಸ್ ಪದವಿ ಪಡೆಯಲಿಚ್ಛಿಸುವವರು ನಾಲ್ಕನೆಯ ವರ್ಷದಲ್ಲಿ ಸ್ವಂತ ಅಧ್ಯಯನವೊಂದನ್ನು ನಡೆಸಬೇಕು. ಇದು ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ 'ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಇಂದು ಅನೇಕ ಕಡೆ ನಡೆಯುತ್ತಿರುವುದೇನು? ನಾಲ್ಕು ಕಡೆಯಿಂದ ಎತ್ತಿದ ಪುಟಗಳನ್ನು ಒಟ್ಟುಗೂಡಿಸಿ, ಅಂಗಡಿಯಲ್ಲಿ ಬೈಂಡು ಮಾಡಿಸಿ ಒಪ್ಪಿಸುವುದು. ಇತ್ತೀಚೆಗಂತೂ ಮೊಬೈಲಿಗೆ ಪ್ರಶ್ನೆ ಹಾಕಿದರೆ ಸಾಕು, ಇಡೀ ಪ್ರಬಂಧವೇ ಸಿದ್ಧವಾಗಿ ಬರುತ್ತದೆ. ಕೆಲವೊಮ್ಮೆ ಯಾರೂ ಬರೆಯದ ಪುಸ್ತಕಗಳ ಹೆಸರುಗಳೂ ಅದರೊಡನೆ ಬರುತ್ತವೆ!

ಮಾಹಿತಿ ಸಂಗ್ರಹ ಸಂಶೋಧನೆಯಲ್ಲ. ಸಿಕ್ಕಿದ ಮಾಹಿತಿಯನ್ನು ಪ್ರಶ್ನಿಸುವುದೇ ಸಂಶೋಧನೆಯ ಮೊದಲ ಮೆಟ್ಟಲು. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಎಣ್ಮಕಜೆಯ ಪಡ್ರೆಗೆ ಹೋದರೆ ಸಾಕು.

ಅಲ್ಲಿಯ ಗುಡ್ಡಗಳಲ್ಲಿ ಹಬ್ಬಿರುವ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರು ತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗ್ರಾಮದಲ್ಲಿ ಕಾಣಿಸಿಕೊಂಡ ವಿಚಿತ್ರ ಕಾಯಿಲೆಗಳನ್ನು ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ನಾಡಿನ ಗಮನಕ್ಕೆ ತಂದರು. ಬಳಿಕ ವರದಿಗಳ ಸರದಿ ಆರಂಭವಾಯಿತು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಹಾಲು, ರಕ್ತಗಳನ್ನು ಪರೀಕ್ಷಿಸಿ, ಎಲ್ಲೆಡೆಯೂ ವಿಷದ ಶೇಷವಿದೆಯೆಂದಿತು. ಅದೇ ವರ್ಷ ಪ್ಲಾಂಟೇಶನ್ ಕಾರ್ಪೊರೇಶನಿನ ಕೋರಿಕೆಯಂತೆ ತಮಿಳುನಾಡಿನ ಸಂಸ್ಥೆಯೊಂದು ಪರೀಕ್ಷೆ ನಡೆಸಿ, ರಕ್ತದಲ್ಲಾಗಲಿ ನೀರಿನಲ್ಲಾಗಲಿ ಅದು ಕಂಡುಬಂದಿಲ್ಲವೆಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಮಕ್ಕಳ ಆರೋಗ್ಯದಲ್ಲಿ ಏರುಪೇರು ಇದೆಯೆಂದು ವರದಿ ಮಾಡಿತು. ಕೇಂದ್ರ ಸರಕಾರವು ನೇಮಿಸಿದ ದುಬೆ ಸಮಿತಿಯಾದರೋ ಕಾಯಿಲೆಗೂ ಎಂಡೋಸಲ್ಫಾನಿಗೂ ಸಂಬಂಧವಿಲ್ಲವೆಂದು ಹೇಳಿತು. ಊರು ಒಂದೇ, ವಿಷವೂ ಒಂದೇ. ಅಚ್ಚಾದ ಮಾತುಗಳು ಮಾತ್ರ ತದ್ವಿರುದ್ಧ. ಇವುಗಳಲ್ಲಿ ಕೈಗೆ ಮೊದಲು ಸಿಕ್ಕಿದುದನ್ನು ನಕಲು ಮಾಡಿದ ವಿದ್ಯಾರ್ಥಿಯು ಏನನ್ನು ತಿಳಿದಂತಾಯಿತು?

ಹಾಗಾದರೆ ಓದುವ ಕ್ರಮವೆಂತು? ಯಾವುದೇ ವರದಿಯನ್ನು ಕೈಗೆತ್ತಿಕೊಂಡಾಗ ಐದು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ. ಬರೆದವರು ಯಾರು? ಖರ್ಚು ಭರಿಸಿದವರು ಯಾರು? ಮಾದರಿಗಳನ್ನು ಯಾವಾಗ, ಎಲ್ಲಿಂದ, ಎಷ್ಟು ಸಂಗ್ರಹಿಸಿದರು? ಯಾರೊಡನೆ ಹೋಲಿಸಿದರು? ಇದನ್ನು ಒಪ್ಪದವರು ಏನೆನ್ನುತ್ತಾರೆ?

ಖರ್ಚು ಭರಿಸಿದವರಿಗೆ ಅನುಕೂಲವಾಗಿದೆ ಎಂಬ ಒಂದೇ ಕಾರಣಕ್ಕೆ ವರದಿ ಸುಳ್ಳಾಗುವುದಿಲ್ಲ. ಆದರೆ ಅಂತಹ ವರದಿಯ ಲೆಕ್ಕವನ್ನು ಎರಡು ಬಾರಿ ನೋಡಬೇಕಾಗುತ್ತದೆ. ಈ ನಿಯಮವು ನಮಗೆ ಪ್ರಿಯರಾದವರಿಗೂ ಅನ್ವಯಿಸಬೇಕು. ಪರಿಸರ ಹೋರಾಟಕ್ಕೆಂದೇ ನಿಂತ ಸಂಸ್ಥೆಯ ವರದಿಯನ್ನೂ ಅದೇ ಐದು ಪ್ರಶ್ನೆಗಳ ಜರಡಿಯಲ್ಲಿ ಸೋಸಬೇಕು. ಎದುರಾಳಿಯ ಮಾತನ್ನು ಮಾತ್ರ ಸಂದೇಹಿಸುವುದು ವಿಮರ್ಶೆಯಲ್ಲ, ಬರೇ ಪಕ್ಷಪಾತ.

ಹೋಲಿಕೆಯ ಪ್ರಶ್ನೆಯು ಎಲ್ಲಕ್ಕಿಂತ ಮುಖ್ಯವಾದುದು. ಒಂದು ಊರಿನಲ್ಲಿ ಇಂತಿಷ್ಟು ಮಂದಿ ರೋಗಿಗಳಿದ್ದಾರೆ ಎಂದರೆ ಸಾಲದು. ವಿಷ ಬೀಳದ ಇನ್ನೊಂದು ಊರಿನಲ್ಲಿ ಎಷ್ಟು ಮಂದಿ ಎಂಬುದೂ ತಿಳಿಯಬೇಕು. ಅಹಮದಾಬಾದಿನ ವಿಜ್ಞಾನಿಗಳು ಮಾಡಿದುದು ಇದನ್ನೇ. 2003ರಲ್ಲಿ 'ಎನ್‌ವಿರಾನ್ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್' ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದಲ್ಲಿ, ತೋಟದ ಬುಡದ ಊರಿನ 117 ಶಾಲಾ ಬಾಲಕರನ್ನು ಸಿಂಪಡಣೆಗೆ ಒಳಗಾಗದ 90 ಬಾಲಕರೊಡನೆ ಹೋಲಿಸಲಾಗಿದೆ. ಮೊದಲಿನ ಗುಂಪಿನವರಲ್ಲಿ ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿರುವುದು ಕಂಡುಬಂದಿತ್ತು. ಮರುವರ್ಷ ಅದೇ ಪತ್ರಿಕೆಯಲ್ಲಿ ಈ ಅಧ್ಯಯನಕ್ಕೆ ಆಕ್ಷೇಪಗಳು ಬಂದುವು, ಲೇಖಕರ ಉತ್ತರವೂ ಬಂದಿತು. ಲೇಖನ, ಆಕ್ಷೇಪ, ಉತ್ತರ ಈ ಮೂರನ್ನೂ ಓದಿದವನು ಮಾತ್ರ ಆ ಅಧ್ಯಯನವನ್ನು ಓದಿದ್ದೇನೆ ಎನ್ನಬಹುದು. ಒಂದು ಕಾಸೂ ಖರ್ಚಿಲ್ಲದೆ ಇವು ಇಂದು ಕಂಪ್ಯೂಟರಿನಲ್ಲಿ ಲಭ್ಯ.

ಇಂಗ್ಲಿಷಿನ ಭಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳನ್ನು ಮೂಲದಿಂದ ದೂರವಿಡುತ್ತದೆ. ಆದರೆ ವೈಜ್ಞಾನಿಕ ಲೇಖನವನ್ನು ಕಾದಂಬರಿಯಂತೆ ಮೊದಲ ಸಾಲಿನಿಂದ ಓದಬೇಕಾಗಿಲ್ಲ. ಮೊದಲು ಸಾರಾಂಶ, ಆಮೇಲೆ ಕೋಷ್ಟಕಗಳು, ಮತ್ತೆ ಅಧ್ಯಯನದ ವಿಧಾನ, ಕೊನೆಗೆ ಧನಸಹಾಯ ಯಾರದೆಂಬ ಸಾಲು. ಒಂದು ಭಾಗವನ್ನು ಓದಿ, ಪುಸ್ತಕ ಮುಚ್ಚಿಟ್ಟು, ತಿಳಿದುದನ್ನು ಕನ್ನಡದಲ್ಲಿ ಸ್ವಂತ ಮಾತಿನಿಂದ ಬರೆಯಬೇಕು. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲವೆಂದೇ ಲೆಕ್ಕ, ತಿರುಗಿ ಓದಬೇಕು. ಹೀಗೆ ಬರೆದವನಿಗೆ ನಕಲು ಮಾಡುವ ಅಗತ್ಯವೇ ಬೀಳದು. ಪ್ರತಿ ಟಿಪ್ಪಣಿಯ ಬದಿಯಲ್ಲಿ ಲೇಖಕರ ಹೆಸರು, ವರ್ಷ, ಪುಟಸಂಖ್ಯೆಗಳನ್ನು ಅಂದೇ ಗುರುತಿಸಿಡಬೇಕು.

ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವೂ ಇದೆ. ಸರಕಾರದ ಆದೇಶಗಳು ಮಲಯಾಳದಲ್ಲಿವೆ, ವಿಜ್ಞಾನಿಗಳ ಲೇಖನಗಳು ಇಂಗ್ಲಿಷಿನಲ್ಲಿವೆ, ಊರಿನ ಹಳೆಯ ಸುದ್ದಿಗಳು ಕನ್ನಡ ಪತ್ರಿಕೆಗಳಲ್ಲಿವೆ, ಅನುಭವಿಸಿದವರ ಮಾತು ಬಹುಪಾಲು ತುಳುವಿನಲ್ಲಿದೆ. ಈ ನಾಲ್ಕನ್ನೂ ಒಂದರೊಡನೊಂದು ತಾಳೆ ನೋಡುವ ಶಕ್ತಿ ದೆಹಲಿಯಿಂದ ಬಂದ ತಜ್ಞರಿಗಿಲ್ಲ, ಪಡ್ರೆ ಪೆರ್ಲಗಳ ವಿದ್ಯಾರ್ಥಿಗಿದೆ. ಇದನ್ನು ಕೊರತೆಯೆಂದು ತಿಳಿದು ಕುಗ್ಗುವುದು ತರವಲ್ಲ.

ಈ ಅಭ್ಯಾಸವು ಕಾಲೇಜಿನಲ್ಲಿ ಹಠಾತ್ತನೆ ಬರುವಂತಹುದಲ್ಲ. ಎಂಟನೆಯ ತರಗತಿಯಿಂದಲೇ ಗೈಡುಗಳ ಉತ್ತರವನ್ನು ಉರು ಹೊಡೆಸಿ, ಪದವಿಯಲ್ಲಿ ಸ್ವಂತ ಚಿಂತನೆ ಎಲ್ಲಿ ಎಂದು ಕೇಳಿದರೆ ಪ್ರಯೋಜನವೇನು? ಪಾಠಪುಸ್ತಕದ ಒಂದು ವಾಕ್ಯವನ್ನೆತ್ತಿ 'ಇದು ಹೇಗೆ ಗೊತ್ತಾಯಿತು?' ಎಂದು ಕೇಳುವ ಹುಡುಗನನ್ನು ಗದರಿಸದಿರುವುದು ಅಧ್ಯಾಪಕರಾದ ನಮ್ಮ ಕರ್ತವ್ಯ. ಪುಟಗಳ ತೂಕಕ್ಕಲ್ಲ, ಪ್ರಶ್ನೆಗಳ ಗುಣಕ್ಕೆ ಅಂಕ ಕೊಡುವುದು ಕಾಲೇಜುಗಳ ಕರ್ತವ್ಯ.

2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನಿನ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ನೀಡಲು ಆದೇಶಿಸಿತು. ಯಾರು ಸಂತ್ರಸ್ತರು, ಯಾರಲ್ಲ ಎಂಬುದನ್ನು ಪಟ್ಟಿಗಳೂ ವರದಿಗಳೂ ನಿರ್ಧರಿಸುತ್ತವೆ. ಹಾಸಿಗೆ ಹಿಡಿದ ಮಗುವಿನ ತಾಯಿಗೆ ಆ ಕಾಗದಗಳನ್ನು ಓದಿ, ಅದರಲ್ಲಿರುವ ತಪ್ಪನ್ನು ಬೆರಳಿಟ್ಟು ತೋರಿಸಬಲ್ಲವರು ಊರಿಗೊಬ್ಬರಾದರೂ ಬೇಡವೇ? ಅಂತಹವರನ್ನು ತಯಾರುಮಾಡದ ಪದವಿ ನಾಲ್ಕು ವರ್ಷದ್ದಾದರೇನು, ಮೂರು ವರ್ಷದ್ದಾದರೇನು?